ಬೆಳ್ಳಿಯ ಸೂಕ್ಷ್ಮಕಣ ಮತ್ತು ಬೇವಿನೆಲೆಯ ಕಷಾಯ: ಬಂಡವಾಳ ಹೂಡುವ ಮುನ್ನ ಮಾಡಬೇಕಾದ ಲೆಕ್ಕ

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯಲ್ಲಿ ಸೌರ ವಿದ್ಯುತ್ ಉದ್ಯಾನ ತಲೆಯೆತ್ತಿರುವುದು ಸದಸ್ಯ ಬಾಂಧವರಿಗೆ ತಿಳಿದ ಸಂಗತಿ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಈ ಉದ್ಯಾನದ ಸಾಮರ್ಥ್ಯವು 2019ರ ಅಂತ್ಯದ ವೇಳೆಗೆ 2,050 ಮೆಗಾವ್ಯಾಟ್ ತಲುಪಿತು. ಭೂಮಿಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದುದರಿಂದ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭವಾದ ಹಾಗೂ ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರುವ ಗುತ್ತಿಗೆ ಹಣವು ಮಳೆಯನ್ನೇ ನಂಬಿ ಕಡಲೆಕಾಯಿ ಬೆಳೆಯುತ್ತಿದ್ದ ಕುಟುಂಬಗಳಿಗೆ ನಿಯಮಿತವಾಗಿ ಬರತೊಡಗಿತು. (ಇದು ಕೃಷಿ ಆದಾಯವಲ್ಲ ಎಂಬುದನ್ನು ಅನೇಕರು ಈಗಲೂ ಮರೆಯುತ್ತಾರೆ. ಅದರ ವಿಚಾರ ಮತ್ತೊಮ್ಮೆ ನೋಡೋಣ.) ಕೈಯಲ್ಲಿ ನಿಯಮಿತ ಹಣ ಇರುವಲ್ಲಿಗೆ ಯೋಜನಾ ವರದಿಗಳೂ ನಡೆದುಬರುತ್ತವೆ. ಎಣ್ಣೆ ಗಾಣ, ಹುಣಸೆ ಸಂಸ್ಕರಣೆ, ಅಡಿಕೆ ತಟ್ಟೆಗಳ ಜೊತೆಗೆ ಈಚೆಗೆ ಬರುವ ಇಂತಹ ವರದಿಗಳಲ್ಲಿ ಒಂದು ಹೊಸ ಪದ ಕಾಣಿಸುತ್ತಿದೆ: ‘ಹಸಿರು ವಿಧಾನದ ನ್ಯಾನೋ ಬೆಳ್ಳಿ’. ಬೇವು, ಹೊಂಗೆ ಅಥವಾ ತುಳಸಿಯ ಎಲೆಯ ಕಷಾಯವನ್ನು ಬೆಳ್ಳಿಯ ಲವಣದೊಡನೆ ಸೇರಿಸಿ, ಬ್ಯಾಕ್ಟೀರಿಯಾ ನಾಶಕ ದ್ರಾವಣ ತಯಾರಿಸಿ, ಅದನ್ನು ಕೈತೊಳೆಯುವ ದ್ರವ, ಸಿಂಪಡಣೆ, ಬಟ್ಟೆ, ನೀರಿನ ಫಿಲ್ಟರ್ ಇತ್ಯಾದಿಗಳಲ್ಲಿ ಬಳಸಬಹುದು ಎಂಬುದು ಅವುಗಳ ಸಾರಾಂಶ.

ಈ ವಿಜ್ಞಾನ ಸುಳ್ಳಲ್ಲ. ಆದರೆ ಪ್ರಯೋಗಾಲಯದಲ್ಲಿ ನಿಜವಾದದ್ದು ಉತ್ಪಾದನಾ ಘಟಕದಲ್ಲಿ ಲಾಭವಾಗಬೇಕಾದರೆ ನಡುವೆ ಕೆಲವು ಲೆಕ್ಕಗಳು ಸರಿಹೊಂದಬೇಕು. ವಾಣಿಜ್ಯ ಪದವೀಧರನೊಬ್ಬ ರಸಾಯನಶಾಸ್ತ್ರದ ಪಾಠ ಹೇಳುವುದು ಅಧಿಕಪ್ರಸಂಗವೆನಿಸಬಹುದು. ಆದರೂ ಯೋಜನಾ ವರದಿಗೆ ಸಹಿ ಹಾಕುವವನು ಅದರಲ್ಲಿರುವ ಅಂಕಿಗಳ ಅರ್ಥ ತಿಳಿದಿರಬೇಕಾದುದು ಅನಿವಾರ್ಯ.

ಕಣ ಚಿಕ್ಕದಾದರೆ ಆಗುವುದೇನು?

ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. 1ರಿಂದ 100 ನ್ಯಾನೋಮೀಟರ್ ಗಾತ್ರದ ಕಣಗಳನ್ನು ನ್ಯಾನೋ ಕಣಗಳೆನ್ನುತ್ತಾರೆ. ಒಂದು ಘನ ಸೆಂಟಿಮೀಟರ್ ಬೆಳ್ಳಿಯ ತುಂಡು ಸುಮಾರು ಹತ್ತೂವರೆ ಗ್ರಾಂ ತೂಗುತ್ತದೆ. ಅದರ ಆರು ಮುಖಗಳ ಒಟ್ಟು ಹೊರಮೈ 6 ಚದರ ಸೆಂಟಿಮೀಟರ್ ಮಾತ್ರ. ಅದೇ ತುಂಡನ್ನು 10 ನ್ಯಾನೋಮೀಟರ್ ಬದಿಯ ಘನಗಳಾಗಿ ಕತ್ತರಿಸಿದೆವೆಂದು ಭಾವಿಸಿದರೆ ಒಟ್ಟು ಹೊರಮೈ 600 ಚದರ ಮೀಟರ್ ಆಗುತ್ತದೆ. ಅಂದರೆ ಮೂವತ್ತು–ನಲವತ್ತರ ಐದು ನಿವೇಶನಗಳಿಗಿಂತ ಹೆಚ್ಚು! ಬೆಳ್ಳಿ ಅಷ್ಟೇ ಇದೆ, ಬೆಲೆಯೂ ಅಷ್ಟೇ. ಬ್ಯಾಕ್ಟೀರಿಯಾದ ಸಂಪರ್ಕಕ್ಕೆ ಬರುವ ಮೈ ಮಾತ್ರ ಲಕ್ಷಗಟ್ಟಲೆ ಪಾಲು ಹೆಚ್ಚಾಯಿತು.

ಈ ಮೈಯಿಂದ ನಿಧಾನವಾಗಿ ಹೊರಬರುವ ಬೆಳ್ಳಿಯ ಅಯಾನುಗಳು ಬ್ಯಾಕ್ಟೀರಿಯಾದ ಪ್ರೋಟೀನುಗಳಲ್ಲಿರುವ ಗಂಧಕದ ಗುಂಪುಗಳಿಗೆ ಅಂಟಿಕೊಂಡು ಅವುಗಳ ಕೆಲಸವನ್ನು ಕೆಡಿಸುತ್ತವೆ. ಜೀವಕೋಶದ ಪೊರೆಯೂ ಹಾನಿಗೊಳ್ಳುತ್ತದೆ. ಈ ಗುಣವೇನೂ ಹೊಸದಾಗಿ ಕಂಡುಹಿಡಿದದ್ದಲ್ಲ. ಸುಟ್ಟ ಗಾಯಕ್ಕೆ ವೈದ್ಯರು ಹಚ್ಚಿಸುವ ಬಿಳಿ ಮುಲಾಮಿನಲ್ಲಿರುವುದು ಸಿಲ್ವರ್ ಸಲ್ಫಾಡಯಾಜಿನ್. ಅದು 1960ರ ದಶಕದ ಅಂತ್ಯದಿಂದ ಬಳಕೆಯಲ್ಲಿದೆ. ಬೆಳ್ಳಿಗೆ ಬ್ಯಾಕ್ಟೀರಿಯಾ ಎಂದಿಗೂ ಒಗ್ಗುವುದಿಲ್ಲ ಎಂದು ಕೆಲವು ಮಾರಾಟ ಪ್ರತಿನಿಧಿಗಳು ಹೇಳುವುದುಂಟು. ಅದು ತಪ್ಪು. ಅಮೆರಿಕದ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ಸಿಲ್ವರ್ ನೈಟ್ರೇಟಿಗೂ ಜಗ್ಗದ ಸಾಲ್ಮೊನೆಲ್ಲಾ ಕಾಣಿಸಿಕೊಂಡದ್ದು 1975ರಲ್ಲೇ ವರದಿಯಾಗಿದೆ.

ನಮ್ಮ ರಾಜ್ಯದಲ್ಲೇ ನಡೆದ ಒಂದು ಅಧ್ಯಯನವನ್ನು ಇಲ್ಲಿ ಹೇಳಬೇಕು. ಯಲಹಂಕದ ಬಳಿಯಿರುವ ಸ್ಥಳೀಯ ಆರೋಗ್ಯ ಪರಂಪರೆಗಳ ಪುನರುಜ್ಜೀವನ ಪ್ರತಿಷ್ಠಾನದ (ಎಫ್‌ಆರ್‌ಎಲ್‌ಎಚ್‌ಟಿ) ವಿಜ್ಞಾನಿ ಡಾ. ಪದ್ಮಾ ವೆಂಕಟಸುಬ್ರಮಣಿಯನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಬಂಧ ಅದು. ಕಾಲರಾ, ಟೈಫಾಯ್ಡ್, ಆಮಶಂಕೆ ತರುವ ಬ್ಯಾಕ್ಟೀರಿಯಾಗಳನ್ನು ಸೇರಿಸಿದ ನೀರನ್ನು ತಾಮ್ರದ ಬಿಂದಿಗೆಯಲ್ಲಿ 16 ಗಂಟೆ ಇಟ್ಟಾಗ ಅವು ಮತ್ತೆ ಬೆಳೆಯುವ ಸ್ಥಿತಿಯಲ್ಲಿ ಸಿಗಲಿಲ್ಲ. ನೀರಿಗೆ ಇಳಿದ ತಾಮ್ರವಾದರೋ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 2 ಮಿಲಿಗ್ರಾಂಗಿಂತ ಎಷ್ಟೋ ಕಡಿಮೆ. ನಮ್ಮ ಅಜ್ಜಿಯರ ಅಡುಗೆಮನೆಯ ಬಿಂದಿಗೆಯಲ್ಲಿ ನ್ಯಾನೋ ಎಂಬ ಶಬ್ದವೂ ಇರಲಿಲ್ಲ, ಯೋಜನಾ ವರದಿಯೂ ಇರಲಿಲ್ಲ. ಹೊಸ ಉತ್ಪನ್ನವು ಈ ಬಿಂದಿಗೆಗಿಂತ ಯಾವ ವಿಷಯದಲ್ಲಿ ಮೇಲು, ಬೇಗ ಕೊಲ್ಲುತ್ತದೆಯೇ, ಅಗ್ಗವೇ, ಎಲ್ಲಿಗೆ ಬೇಕಾದರೂ ಒಯ್ಯಬಹುದೇ ಎಂಬ ಪ್ರಶ್ನೆಯನ್ನು ವರದಿ ತಂದವರಿಗೆ ಮೊದಲು ಕೇಳಬೇಕು.

ಎಲೆಯ ಪಾತ್ರ

ಬೆಳ್ಳಿಯ ಲವಣದಿಂದ ಲೋಹದ ಕಣ ತೆಗೆಯಲು ಹಿಂದೆ ಸೋಡಿಯಂ ಬೋರೋಹೈಡ್ರೈಡ್‌ನಂತಹ ಕಟುವಾದ ರಾಸಾಯನಿಕಗಳನ್ನು ಬಳಸುತ್ತಿದ್ದರು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿ ಮತ್ತು ಸಂಗಡಿಗರು 2004ರಲ್ಲಿ ಬೇವಿನ ಎಲೆಯ ಕಷಾಯದಿಂದಲೇ ಬೆಳ್ಳಿ ಹಾಗೂ ಚಿನ್ನದ ನ್ಯಾನೋ ಕಣಗಳನ್ನು ಪಡೆದುದನ್ನು ಪ್ರಕಟಿಸಿದರು. ಗುಲ್ಬರ್ಗಾ ವಿಶ್ವವಿದ್ಯಾಲಯದ ಸಂಶೋಧಕರು 2008 ಮತ್ತು 2009ರಲ್ಲಿ ಶಿಲೀಂಧ್ರಗಳ ನೆರವಿನಿಂದ ಬೆಳ್ಳಿಯ ಕಣಗಳನ್ನು ತಯಾರಿಸಿ ತೋರಿಸಿದರು. ಆಮೇಲೆ ತುಳಸಿ, ಹೊಂಗೆ, ಲೋಳೆಸರ ಹೀಗೆ ನಮ್ಮ ಹಿತ್ತಲು ಮತ್ತು ಹೊಲದ ಬದುಗಳಲ್ಲಿರುವ ಗಿಡಗಳಲ್ಲಿ ಪ್ರಯೋಗಕ್ಕೆ ಒಳಗಾಗದೆ ಉಳಿದದ್ದು ಕಡಿಮೆ.

ವಿಧಾನ ಸರಳವಾದುದು. ಎಲೆಯನ್ನು ತೊಳೆದು, ನೀರಿನಲ್ಲಿ ಕುದಿಸಿ, ಸೋಸಿ, ಆ ಕಷಾಯದ ಒಂದು ಪಾಲನ್ನು ಸಿಲ್ವರ್ ನೈಟ್ರೇಟ್ ದ್ರಾವಣದ ಒಂಬತ್ತು ಪಾಲಿಗೆ ಬೆರೆಸುತ್ತಾರೆ. ಎಲೆಯಲ್ಲಿರುವ ಫೀನಾಲ್, ಫ್ಲೇವನಾಯ್ಡ್, ಸಕ್ಕರೆ, ಪ್ರೋಟೀನುಗಳು ಎರಡು ಕೆಲಸ ಮಾಡುತ್ತವೆ: ಬೆಳ್ಳಿಯ ಅಯಾನನ್ನು ಲೋಹವನ್ನಾಗಿಸುತ್ತವೆ, ಹುಟ್ಟಿದ ಕಣದ ಸುತ್ತ ಹೊದಿಕೆಯಾಗಿ ನಿಂತು ಕಣಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗದಂತೆ ತಡೆಯುತ್ತವೆ. ತಿಳಿ ದ್ರಾವಣ ಕಂದು ಬಣ್ಣಕ್ಕೆ ತಿರುಗುತ್ತದೆ. ಈ ಬಣ್ಣ ನೋಡಿಯೇ ಹಣ ಕೊಡಲು ಮುಂದಾದವರಿದ್ದಾರೆ. ಬಣ್ಣವು ಕಣ ಹುಟ್ಟಿದ್ದಕ್ಕೆ ಸೂಚನೆಯೇ ಹೊರತು ಬ್ಯಾಕ್ಟೀರಿಯಾ ಸಾಯುವುದಕ್ಕೆ ಪುರಾವೆಯಲ್ಲ.

ಇನ್ನು ಖರ್ಚಿನ ಬಾಬ್ತು. ಸಾಮಾನ್ಯವಾಗಿ ಬಳಸುವ ಒಂದು ಮಿಲಿಮೋಲಾರ್ ದ್ರಾವಣದಲ್ಲಿ ಲೀಟರಿಗೆ ಸಿಲ್ವರ್ ನೈಟ್ರೇಟ್ 0.17 ಗ್ರಾಂ ಮಾತ್ರ; ಅದರಲ್ಲಿ ಬೆಳ್ಳಿ ಸುಮಾರು 0.108 ಗ್ರಾಂ. ಒಂದು ಕಿಲೋ ಸಿಲ್ವರ್ ನೈಟ್ರೇಟ್ ಕೊಂಡರೆ, ಅದರಲ್ಲಿರುವ ಬೆಳ್ಳಿ ಸುಮಾರು 635 ಗ್ರಾಂ, ಹತ್ತಿರ ಹತ್ತಿರ 5,900 ಲೀಟರ್ ದ್ರಾವಣ ತಯಾರಾಗುತ್ತದೆ. ಆದ್ದರಿಂದ ಯೋಜನಾ ವರದಿಯಲ್ಲಿ ಬೆಳ್ಳಿಯ ದರ ಏರಿಳಿತವನ್ನೇ ದೊಡ್ಡ ಅಪಾಯವೆಂದು ತೋರಿಸಿದ್ದರೆ ಬರೆದವರಿಗೆ ವಿಷಯ ಗೊತ್ತಿಲ್ಲವೆಂದೇ ತಿಳಿಯಬಹುದು. ಎಲೆಯ ಬೆಲೆಯೂ ಗೌಣ. ಹಣ ಹೋಗುವುದು ಶುದ್ಧ ನೀರಿಗೆ, ಕಣಗಳನ್ನು ಬೇರ್ಪಡಿಸಿ ತೊಳೆಯುವ ಯಂತ್ರಕ್ಕೆ, ಪ್ರತಿ ತಂಡದ ಪರೀಕ್ಷೆಗೆ, ಪರವಾನಗಿಗೆ, ಪ್ಯಾಕಿಂಗಿಗೆ ಮತ್ತು ಕೆಟ್ಟುಹೋದ ತಂಡಗಳಿಗೆ.

ಶುದ್ಧ ನೀರು ಎಂದದ್ದನ್ನು ನಮ್ಮ ನಾಲ್ಕು ತಾಲ್ಲೂಕುಗಳವರು ವಿಶೇಷವಾಗಿ ಗಮನಿಸಬೇಕು. ನಮ್ಮ ಕೊಳವೆಬಾವಿಯ ನೀರಿನಲ್ಲಿ ಲವಣಾಂಶ ಇರುತ್ತದೆ. ನೀರಿನಲ್ಲಿರುವ ಕ್ಲೋರೈಡ್ ಬೆಳ್ಳಿಯ ಅಯಾನಿನೊಡನೆ ಸೇರಿದ ಕೂಡಲೇ ಸಿಲ್ವರ್ ಕ್ಲೋರೈಡ್ ಎಂಬ ಬಿಳಿಯ ಗಸಿಯಾಗಿ ತಳ ಸೇರುತ್ತದೆ. ಕೊಟ್ಟ ಬೆಳ್ಳಿಯ ಒಂದು ಪಾಲು ಹೀಗೆ ವ್ಯರ್ಥ. ತಯಾರಿಕೆಗೆ ಬಟ್ಟಿ ಇಳಿಸಿದ ನೀರು ಅಥವಾ ಲವಣ ತೆಗೆದ ನೀರೇ ಬೇಕು. ಪಾವಗಡದಂತಹ ಕಡೆ ಅದರ ಖರ್ಚನ್ನು ವರದಿಯಲ್ಲಿ ‘ಇತರೆ’ ಎಂಬ ಸಾಲಿನಲ್ಲಿ ಅಡಗಿಸುವಂತಿಲ್ಲ.

ಕೊಲ್ಲುತ್ತಿರುವುದು ಯಾರು?

ಈಗ ಮುಖ್ಯ ವಿಷಯಕ್ಕೆ ಬರೋಣ. ‘ಬೆಳ್ಳಿ ಮತ್ತು ಬೇವು ಸೇರಿ ಇಮ್ಮಡಿ ಶಕ್ತಿ’ ಎಂಬುದು ಇಂತಹ ಉತ್ಪನ್ನಗಳ ಜಾಹೀರಾತಿನ ಜೀವಾಳ. ಪಾಲುದಾರಿಕೆ ಸಂಸ್ಥೆಯಲ್ಲಿ ಇಬ್ಬರು ಪಾಲುದಾರರಿದ್ದು ಲಾಭ ಬಂದರೆ, ಅದು ಯಾರ ದುಡಿಮೆಯಿಂದ ಬಂತೆಂದು ತಿಳಿಯಲು ಇಬ್ಬರ ಖಾತೆಗಳನ್ನೂ ಪ್ರತ್ಯೇಕವಾಗಿ ನೋಡಬೇಕು. ಇಲ್ಲಿಯೂ ಹಾಗೆಯೇ. ಎಲೆಯ ಕಷಾಯ ಮಾತ್ರ, ಅಷ್ಟೇ ಪ್ರಮಾಣದ ಸಿಲ್ವರ್ ನೈಟ್ರೇಟ್ ಮಾತ್ರ, ತೊಳೆದು ಶುದ್ಧಗೊಳಿಸಿದ ಕಣಗಳು, ಗೊತ್ತಿರುವ ಒಂದು ಪ್ರತಿಜೈವಿಕ ಔಷಧ, ಬರಿಯ ನೀರು, ಈ ಐದನ್ನೂ ಒಂದೇ ದಿನ ಒಂದೇ ಬ್ಯಾಕ್ಟೀರಿಯಾದ ಮೇಲೆ ಪರೀಕ್ಷಿಸಿರಬೇಕು. ಅನೇಕ ವರದಿಗಳಲ್ಲಿ ಎರಡನೆಯದು ಇರುವುದೇ ಇಲ್ಲ. ಕಣಗಳನ್ನು ಸರಿಯಾಗಿ ತೊಳೆಯದಿದ್ದರೆ ಪ್ರತಿಕ್ರಿಯೆಗೊಳ್ಳದೆ ಉಳಿದ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲೇ ಇರುತ್ತದೆ. ಅದೇ ಬ್ಯಾಕ್ಟೀರಿಯಾವನ್ನು ಕೊಂದಿರುತ್ತದೆ. ಕೀರ್ತಿ ಮಾತ್ರ ಬೇವಿಗೂ ನ್ಯಾನೋಗೂ ಸಲ್ಲುತ್ತದೆ. ಲೆಕ್ಕಪರಿಶೋಧನೆಯ ಭಾಷೆಯಲ್ಲಿ ಹೇಳುವುದಾದರೆ ಇದು ಒಬ್ಬರ ಖಾತೆಯ ಜಮೆಯನ್ನು ಇನ್ನೊಬ್ಬರ ಖಾತೆಗೆ ಬರೆದ ಹಾಗೆ.

ಎರಡು ವಸ್ತುಗಳು ಸೇರಿ ನಿಜವಾಗಿಯೂ ಒಂದನ್ನೊಂದು ಬಲಪಡಿಸುತ್ತವೆಯೇ ಎಂದು ಅಳೆಯಲು ಸೂಕ್ಷ್ಮಜೀವಿ ತಜ್ಞರು ಎಫ್‌ಐಸಿ ಸೂಚ್ಯಂಕ ಎಂಬ ಲೆಕ್ಕವನ್ನು ಬಳಸುತ್ತಾರೆ. ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯಲು ಬೇಕಾದ ಅತಿ ಕಡಿಮೆ ಪ್ರಮಾಣವನ್ನು ಮೊದಲು ಪ್ರತಿಯೊಂದು ವಸ್ತುವಿಗೂ ಪ್ರತ್ಯೇಕವಾಗಿ, ಅನಂತರ ಎರಡನ್ನೂ ಸೇರಿಸಿ ಕಂಡುಕೊಳ್ಳುತ್ತಾರೆ. ಸೇರಿದಾಗ ಬೇಕಾದ ಪ್ರಮಾಣವನ್ನು ಪ್ರತ್ಯೇಕವಾಗಿ ಬೇಕಾದ ಪ್ರಮಾಣದಿಂದ ಭಾಗಿಸಿ, ಎರಡೂ ಭಾಗಲಬ್ಧಗಳನ್ನು ಕೂಡಬೇಕು. ಕೇವಲ ಉದಾಹರಣೆಗಾಗಿ, ಬೆಳ್ಳಿಯ ಕಣ ಒಂದೇ ಇದ್ದಾಗ ಮಿಲಿಲೀಟರಿಗೆ 8 ಮೈಕ್ರೋಗ್ರಾಂ, ಕಷಾಯದ ಸಾರ ಒಂದೇ ಇದ್ದಾಗ 400 ಮೈಕ್ರೋಗ್ರಾಂ ಬೇಕೆಂದು ಇಟ್ಟುಕೊಳ್ಳೋಣ. ಎರಡನ್ನೂ ಸೇರಿಸಿದಾಗ ಕ್ರಮವಾಗಿ 2 ಮತ್ತು 100 ಸಾಕಾದರೆ, ಕಾಲು ಮತ್ತು ಕಾಲು ಸೇರಿ ಸೂಚ್ಯಂಕ 0.5. ಸೂಚ್ಯಂಕ 0.5 ಅಥವಾ ಅದಕ್ಕಿಂತ ಕಡಿಮೆಯಾದರೆ ಮಾತ್ರ ಪರಸ್ಪರ ಬಲವರ್ಧನೆ ಎಂದು ಒಪ್ಪುತ್ತಾರೆ. ಸೇರಿಸಿದಾಗ 4 ಮತ್ತು 200 ಬೇಕಾದರೆ ಸೂಚ್ಯಂಕ 1. ಅಂದರೆ ಇಬ್ಬರೂ ತಮ್ಮ ತಮ್ಮ ಪಾಲಿನ ಕೆಲಸ ಮಾಡಿದರು ಅಷ್ಟೇ, ಹೆಚ್ಚುವರಿ ಲಾಭವೇನೂ ಇಲ್ಲ. 4ಕ್ಕಿಂತ ಹೆಚ್ಚಾದರೆ ಒಬ್ಬರ ಕೆಲಸವನ್ನು ಮತ್ತೊಬ್ಬರು ಕೆಡಿಸುತ್ತಿದ್ದಾರೆ. ‘ಇಮ್ಮಡಿ ಶಕ್ತಿ’ ಎನ್ನುವವರಿಂದ ಈ ಒಂದು ಸಂಖ್ಯೆಯನ್ನು ಕೇಳಿ ಪಡೆಯಿರಿ. ಇಂತಹ ಕೋಷ್ಟಕ ಅವರ ಬಳಿ ಇಲ್ಲದಿದ್ದರೆ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು.

ಬದಲಿಗೆ ಅವರು ತೋರಿಸುವುದು ಸಾಮಾನ್ಯವಾಗಿ ಗಾಜಿನ ತಟ್ಟೆಯ ಛಾಯಾಚಿತ್ರ: ಬ್ಯಾಕ್ಟೀರಿಯಾ ಬೆಳೆದ ಪದರದ ನಡುವೆ ಔಷಧ ಅದ್ದಿದ ಕಾಗದದ ಬಿಲ್ಲೆ, ಅದರ ಸುತ್ತ ಬೆಳವಣಿಗೆಯಿಲ್ಲದ ತಿಳಿ ವಲಯ. ವಲಯ 12 ಮಿಲಿಮೀಟರ್ ಎಂದು ಬರೆದಿದ್ದರೆ ಅದರಲ್ಲಿ 6 ಮಿಲಿಮೀಟರ್ ಬಿಲ್ಲೆಯದೇ ವ್ಯಾಸ ಎಂಬುದನ್ನು ಮರೆಯಬಾರದು. ಅಲ್ಲದೆ ವಲಯದ ಅಗಲವು ವಸ್ತುವು ಆ ಪದರದಲ್ಲಿ ಎಷ್ಟು ದೂರ ಹರಡುತ್ತದೆ ಎಂಬುದನ್ನೂ ಅವಲಂಬಿಸಿದೆ. ಕಣಗಳು ನಿಧಾನವಾಗಿ ಹರಡುತ್ತವೆ, ಅಯಾನು ಬೇಗ ಹರಡುತ್ತದೆ. ಚಿತ್ರವನ್ನು ಕಂಡು ಮಾರುಹೋಗುವುದು ಮುಖಪುಟ ನೋಡಿ ಬ್ಯಾಲೆನ್ಸ್ ಶೀಟನ್ನು ನಂಬಿದಂತೆ.

ಶೇಕಡಾ 99ರ ಮಹಿಮೆ

‘ಶೇಕಡಾ 99 ಕ್ರಿಮಿಗಳ ನಾಶ’ ಎಂಬ ಬರಹ ಕಂಡಾಗ ಚಕ್ರಬಡ್ಡಿಯನ್ನು ನೆನೆಯಬೇಕು. ಹತ್ತು ಲಕ್ಷ ಬ್ಯಾಕ್ಟೀರಿಯಾಗಳಲ್ಲಿ ಶೇಕಡಾ 99 ಸತ್ತರೆ ಹತ್ತು ಸಾವಿರ ಉಳಿದವು. ಅನುಕೂಲ ಪರಿಸ್ಥಿತಿಯಲ್ಲಿ ಇ-ಕೋಲಿ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಆ ದರದಲ್ಲಿ ಹತ್ತು ಸಾವಿರವು ಮರಳಿ ಹತ್ತು ಲಕ್ಷವಾಗಲು ಎರಡೂಕಾಲು ಗಂಟೆಯೂ ಬೇಡ. ಶೇಕಡಾ 99.9 ಎಂದರೆ ಉಳಿಯುವುದು ಒಂದು ಸಾವಿರ, 99.99 ಎಂದರೆ ನೂರು. ದಶಮಾಂಶದ ಬಲಕ್ಕೆ ಸೇರುವ ಒಂದೊಂದು 9 ಕೂಡ ಉಳಿದವುಗಳನ್ನು ಹತ್ತನೆಯ ಒಂದಕ್ಕೆ ಇಳಿಸುತ್ತದೆ. ಎಷ್ಟು ಹೊತ್ತಿನಲ್ಲಿ, ಯಾವ ಬ್ಯಾಕ್ಟೀರಿಯಾದ ಮೇಲೆ, ಯಾವ ಮಾನಕದ ಪ್ರಕಾರ ಎಂಬ ವಿವರಗಳಿಲ್ಲದ ಶೇಕಡಾವಾರಿಗೆ ಬೆಲೆಯಿಲ್ಲ. ಬಟ್ಟೆಗೆ ಐಎಸ್‌ಒ 20743 ಅಥವಾ ಎಎಟಿಸಿಸಿ 100, ಪ್ಲಾಸ್ಟಿಕ್ ಮೊದಲಾದ ರಂಧ್ರರಹಿತ ಮೇಲ್ಮೈಗೆ ಐಎಸ್‌ಒ 22196 ಎಂಬ ಪರೀಕ್ಷಾ ಕ್ರಮಗಳಿವೆ. ಆ ನಿರ್ದಿಷ್ಟ ಪರೀಕ್ಷೆಗೆ ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿಯನ್ನೇ ಕೇಳಬೇಕು. ಮಾನ್ಯತೆ ಸಂಸ್ಥೆಗೆ ಮಾತ್ರವಲ್ಲ, ಪ್ರತಿ ಪರೀಕ್ಷೆಗೂ ಬೇರೆ ಬೇರೆಯಾಗಿ ಇರುತ್ತದೆ.

ಮತ್ತೊಂದು ತೊಡಕು ಎಲೆಯದೇ. ಬೇಸಿಗೆಯ ಬೇವಿನ ಚಿಗುರಿಗೂ ಕಾರ್ತಿಕದ ಬಲಿತ ಎಲೆಗೂ ಒಳಗಿನ ಸಾರ ಒಂದೇ ಇರುವುದಿಲ್ಲ. ಎಲೆ ಬದಲಾದರೆ ಕಣದ ಗಾತ್ರ ಬದಲಾಗುತ್ತದೆ, ಗಾತ್ರ ಬದಲಾದರೆ ಪರಿಣಾಮ ಬದಲಾಗುತ್ತದೆ. ಜೂನ್ ತಿಂಗಳ ಮಾದರಿಯ ಪರೀಕ್ಷಾ ವರದಿ ಹಿಡಿದು ಜನವರಿಯ ಸರಕು ಮಾರಲಾಗದು.

ನೀರಿನ ವಿಚಾರದಲ್ಲಿ ಎಚ್ಚರಿಕೆ

ಅಕ್ಕಿ ಗಿರಣಿ ಮಾಲೀಕರಿಗೆ ಆಸಕ್ತಿಯುಂಟುಮಾಡುವ ಒಂದು ಯಶಸ್ವೀ ಪ್ರಯೋಗವನ್ನು ಹೇಳದೆ ಮುಂದುವರಿಯಲಾರೆ. ಟಾಟಾ ಸಮೂಹವು 2009ರ ಡಿಸೆಂಬರ್‌ನಲ್ಲಿ ‘ಸ್ವಚ್’ ಎಂಬ ನೀರು ಶುದ್ಧೀಕರಣ ಸಾಧನವನ್ನು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಗೆ ಬಿಡುಗಡೆ ಮಾಡಿತು. ಅದರ ಹೃದಯವೆಂದರೆ ಭತ್ತದ ಹೊಟ್ಟಿನ ಬೂದಿ. ಆ ಬೂದಿಯ ಮೇಲೆ ಬೆಳ್ಳಿಯ ನ್ಯಾನೋ ಕಣಗಳನ್ನು ಕೂರಿಸಲಾಗಿತ್ತು. ವಿದ್ಯುತ್ ಬೇಡ, ನಲ್ಲಿ ಬೇಡ, ಒಂದು ಕಾರ್ಟ್ರಿಜ್ 3,000 ಲೀಟರ್ ನೀರಿಗೆ. ಸಸ್ಯಜನ್ಯ ವಸ್ತು ಮತ್ತು ಲೋಹದ ಕಣಗಳ ಸಂಯೋಜನೆ ವ್ಯಾಪಾರವಾಗಬಲ್ಲದು ಎಂಬುದಕ್ಕೆ ಇದು ಉದಾಹರಣೆ. ಅದರ ಹಿಂದೆ ಟಾಟಾದಂತಹ ಸಮೂಹದ ವರ್ಷಗಟ್ಟಲೆಯ ಸಂಶೋಧನಾ ವೆಚ್ಚವಿತ್ತು ಎಂಬುದನ್ನೂ ಜೊತೆಗೆ ಓದಿಕೊಳ್ಳಬೇಕು.

ಆದರೆ ಪಾವಗಡದ ಅಂತರ್ಜಲದ ದೊಡ್ಡ ಪಿಡುಗು ಬ್ಯಾಕ್ಟೀರಿಯಾವಲ್ಲ, ಫ್ಲೋರೈಡ್. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ ಗರಿಷ್ಠ 1.5 ಮಿಲಿಗ್ರಾಂ ಇರಬಹುದು. ಬೆಳ್ಳಿಯ ಕಣವಾಗಲಿ ಬೇವಿನ ಸಾರವಾಗಲಿ ಬ್ಯಾಕ್ಟೀರಿಯಾವನ್ನು ಕೊಲ್ಲಬಹುದು, ಫ್ಲೋರೈಡನ್ನು ತೆಗೆಯುವುದಿಲ್ಲ. ‘ನ್ಯಾನೋ ಬೆಳ್ಳಿ ಫಿಲ್ಟರ್’ ಎಂಬ ಹೆಸರಿನಲ್ಲಿ ಅದನ್ನು ನಮ್ಮ ಹಳ್ಳಿಗಳಲ್ಲಿ ಮಾರುವ ವ್ಯಾಪಾರಿಯು ಕೊಳ್ಳುವವರಿಗೆ ಈ ಮಾತನ್ನು ಸ್ಪಷ್ಟವಾಗಿ ಹೇಳದಿದ್ದರೆ, ಶುದ್ಧ ನೀರಿನ ಘಟಕಕ್ಕೆ ಹೋಗುತ್ತಿದ್ದ ಮನೆಯವರು ಮರಳಿ ಕೊಳವೆಬಾವಿ ನೀರಿಗೇ ಬಂದಾರು. ಅಲ್ಲಿನ ಮಕ್ಕಳ ಹಲ್ಲಿನ ಕಲೆಯನ್ನು ಕಂಡವರಿಗೆ ಇದರ ಗಂಭೀರತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಮಾನಕದಲ್ಲಿ ಬೆಳ್ಳಿಗೂ ಮಿತಿಯಿದೆ: ಲೀಟರಿಗೆ 0.1 ಮಿಲಿಗ್ರಾಂ. ಮೇಲೆ ಹೇಳಿದ ದ್ರಾವಣದಲ್ಲಿ ಇರುವುದು ಸುಮಾರು 108 ಮಿಲಿಗ್ರಾಂ, ಅಂದರೆ ಸಾವಿರ ಪಟ್ಟಿಗಿಂತ ಹೆಚ್ಚು. ಆ ಕಂದು ದ್ರವವನ್ನು ‘ಎರಡು ಹನಿ ನೀರಿಗೆ ಹಾಕಿ ಕುಡಿಯಿರಿ’ ಎಂದು ಮಾರುವ ಯೋಚನೆ ಯಾರಿಗೂ ಬರದಿರಲಿ. ಕುಡಿಯುವ ಬೆಳ್ಳಿ ದ್ರಾವಣಗಳು ಯಾವ ರೋಗಕ್ಕೂ ಸುರಕ್ಷಿತ ಹಾಗೂ ಪರಿಣಾಮಕಾರಿ ಎಂದು ಸಾಬೀತಾಗಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1999ರಲ್ಲೇ ನಿಯಮ ಹೊರಡಿಸಿದೆ. ದೀರ್ಘಕಾಲ ಸೇವಿಸಿದವರ ಚರ್ಮ ನೀಲಿ-ಬೂದು ಬಣ್ಣಕ್ಕೆ ತಿರುಗುತ್ತದೆ. ತಿರುಗಿದ ಬಣ್ಣ ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ.

ಲೇಬಲ್, ಪರವಾನಗಿ, ಲೆಕ್ಕಪತ್ರ

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2008ರಲ್ಲಿ, ಕಂಪ್ಯೂಟರ್ ಕೀಲಿಮಣೆ ಮತ್ತು ಮೌಸ್‌ಗಳಿಗೆ ನ್ಯಾನೋ ಬೆಳ್ಳಿ ಲೇಪಿಸಿ ಕ್ರಿಮಿನಾಶಕವೆಂದು ನೋಂದಣಿಯಿಲ್ಲದೆ ಹೇಳಿಕೊಂಡ ಕಂಪನಿಯೊಂದಕ್ಕೆ 2,08,000 ಡಾಲರ್ ದಂಡ ವಿಧಿಸಿತು. ಮೌಸ್ ಮಾರಿದ್ದಕ್ಕಲ್ಲ, ಪೆಟ್ಟಿಗೆಯ ಮೇಲೆ ಬರೆದದ್ದಕ್ಕೆ. ನಮ್ಮಲ್ಲಿಯೂ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೆ ಮೊದಲ ಬಾರಿ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಲು ಕೇಂದ್ರೀಯ ಪ್ರಾಧಿಕಾರಕ್ಕೆ ಅಧಿಕಾರವಿದೆ. ತಿರುಮಣಿಯಲ್ಲಿ ಹತ್ತು ಎಕರೆ ಕೊಟ್ಟವರ ಆರಂಭಿಕ ದರದ ವಾರ್ಷಿಕ ಗುತ್ತಿಗೆ 2,10,000 ರೂಪಾಯಿ. ಹೋಲಿಸಿ ನೋಡಬಹುದು.

ರೋಗಾಣುಗಳನ್ನು ಕೊಲ್ಲುತ್ತದೆ ಎಂದು ಬರೆದ ಕೂಡಲೇ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 1940ರ ಪ್ರಶ್ನೆ ಏಳುತ್ತದೆ. ‘ಬೇವು ಇದೆಯಲ್ಲ, ಆಯುರ್ವೇದದ ಪರವಾನಗಿ ತೆಗೆದುಕೊಳ್ಳೋಣ’ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಆದರೆ ಆ ಕಾಯ್ದೆಯ ಪ್ರಕಾರ ಆಯುರ್ವೇದದ ಸ್ವಾಮ್ಯದ ಔಷಧದಲ್ಲಿ ಪಟ್ಟಿಮಾಡಿದ ಅಧಿಕೃತ ಗ್ರಂಥಗಳಲ್ಲಿ ಹೇಳಿದ ಪದಾರ್ಥಗಳಷ್ಟೇ ಇರಬೇಕು. ಗ್ರಂಥಗಳಲ್ಲಿರುವುದು ರಜತ ಭಸ್ಮ. ಸಿಲ್ವರ್ ನೈಟ್ರೇಟಿನಿಂದ ತೆಗೆದ ಕಣವನ್ನು ಅದೇ ಎನ್ನಲಾಗದು. ಎಲೆ ಎಲ್ಲಿಂದ ಬಂತು ಎಂಬ ದಾಖಲೆಯನ್ನೂ ಮೊದಲ ದಿನದಿಂದಲೇ ಇಡಬೇಕು. ಜೈವಿಕ ವೈವಿಧ್ಯ ಕಾಯ್ದೆ, 2002 ಮತ್ತು ಅದರ 2023ರ ತಿದ್ದುಪಡಿಯಲ್ಲಿ ಕಾಡಿನಿಂದ ತಂದ ಮೂಲಿಕೆಗೂ ಬೆಳೆಸಿದ ಮೂಲಿಕೆಗೂ ವ್ಯತ್ಯಾಸವಿದೆ. ತೊಳೆದ ನೀರಿನೊಡನೆ ಹೊರಹೋಗುವ ಬೆಳ್ಳಿಯು ಕೆರೆಯ ಜೀವಿಗಳಿಗೂ ವಿಷವೇ ಆದ್ದರಿಂದ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯನ್ನು ಕೊನೆಗೆ ತಳ್ಳುವುದು ಬೇಡ.

ಲೆಕ್ಕಪತ್ರದಲ್ಲಿ ಒಂದೇ ಮಾತು. ಪರೀಕ್ಷೆಗೂ ಪ್ರಯೋಗಕ್ಕೂ ಮಾಡಿದ ಖರ್ಚನ್ನೆಲ್ಲ ‘ತಂತ್ರಜ್ಞಾನ’ ಎಂಬ ಆಸ್ತಿಯಾಗಿ ತೋರಿಸಿ ಬ್ಯಾಂಕಿನ ಮುಂದೆ ಬಂಡವಾಳ ದೊಡ್ಡದಾಗಿ ಕಾಣಿಸುವ ಪರಿಪಾಠವಿದೆ. ಲೆಕ್ಕ ಮಾನಕ 26ರ ಪ್ರಕಾರ ಸಂಶೋಧನಾ ಹಂತದ ಖರ್ಚು ಆಯಾ ವರ್ಷದ ಲಾಭ–ನಷ್ಟ ಖಾತೆಗೇ ಹೋಗಬೇಕು. ಅಭಿವೃದ್ಧಿ ಹಂತದ ಖರ್ಚು ಆಸ್ತಿಯಾಗುವುದು ತಾಂತ್ರಿಕ ಸಾಧ್ಯತೆ, ಮಾರುಕಟ್ಟೆ, ಪೂರ್ಣಗೊಳಿಸುವ ಸಂಪನ್ಮೂಲ ಮೊದಲಾದವನ್ನು ತೋರಿಸಿಕೊಟ್ಟ ಮೇಲೆ ಮಾತ್ರ.

ಇಷ್ಟಾದ ಮೇಲೂ ಆಸಕ್ತಿಯುಳ್ಳವರು ಕಟ್ಟಡ, ಯಂತ್ರಗಳಿಗೆ ಕೈಹಾಕುವ ಮೊದಲು, ತಂತ್ರಜ್ಞಾನ ಕೊಡುವವರ ದ್ರಾವಣದ ಮೂರು ಬೇರೆ ಬೇರೆ ತಿಂಗಳ ಮಾದರಿಗಳನ್ನು ಮೊಹರು ಮಾಡಿಸಿ, ತಾವೇ ಆರಿಸಿದ ಪ್ರಯೋಗಾಲಯಕ್ಕೆ ತಾವೇ ಹಣ ಕೊಟ್ಟು ಕಳುಹಿಸಬೇಕು. ಮೇಲೆ ಹೇಳಿದ ಐದು ಹೋಲಿಕೆಗಳು, ಎಫ್‌ಐಸಿ ಸೂಚ್ಯಂಕ ಮತ್ತು ಆರು ತಿಂಗಳು ಕಪಾಟಿನಲ್ಲಿಟ್ಟ ಮಾದರಿಯ ಮರುಪರೀಕ್ಷೆ, ಈ ಮೂರನ್ನು ಕರಾರಿನಲ್ಲೇ ಬರೆಸಿ, ಫಲಿತಾಂಶ ಬರುವವರೆಗೆ ಮುಂಗಡ ಹಣವನ್ನು ಹಿಂದಿರುಗಿಸಬಹುದಾದ ಠೇವಣಿಯಾಗಿಯೇ ಇಡತಕ್ಕದ್ದು. ಅಷ್ಟು ಕಾಯಲಾಗದವರಿಗೆ ಇನ್ನೊಂದು ದಾರಿಯಿದೆ: ನೆರಳಿನಲ್ಲಿ ಒಣಗಿಸಿ, ಕೊಯ್ದ ತಿಂಗಳು ಮತ್ತು ಸ್ಥಳವನ್ನು ಚೀಲದ ಮೇಲೆ ನಮೂದಿಸಿದ ಬೇವಿನೆಲೆ, ಹೊಂಗೆ ಎಲೆಗಳನ್ನು ಸಾರ ತೆಗೆಯುವ ಕಾರ್ಖಾನೆಗಳಿಗೆ ಒದಗಿಸುವುದು. ಅದಕ್ಕೆ ಬೇಕಾದ ಬಂಡವಾಳ ಒಂದು ಶೆಡ್ಡು, ತಕ್ಕಡಿ ಮತ್ತು ಸರಿಯಾಗಿ ಬರೆದ ಒಂದು ರಿಜಿಸ್ಟರ್.